ಮೂರನೆಯ ಗುಂಡು

ಸಂಸತ್ತಿನ ಅಧಿವೇಶನ ಶುರುವಾದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ನಾನೇನೂ ಮಂತ್ರಿಯಲ್ಲ, ಶ್ರೀಮಂಗಲದ ಕಡೆ ಮಕ್ಕಳಿಗೆ ಪೌರನೀತಿ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಆದರೂ ಟಿ.ವಿ.ಯಲ್ಲಿ ಸಭಾಧ್ಯಕ್ಷರು "ಕೂತುಕೊಳ್ಳಿ, ಕೂತುಕೊಳ್ಳಿ" ಎಂದು ಗದರಿದಾಗ, ಕೂತೇ ಇರುವ ನಾನು ಇನ್ನಷ್ಟು ನೆಟ್ಟಗೆ ಕೂರುತ್ತೇನೆ.

ಈ ಕಾಯಿಲೆ ಹತ್ತಿಸಿದವರು ಕಣಿವೆಯಾಚೆಯ ಬೋಪಯ್ಯಣ್ಣ. ಕೊಡವರೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯುಳ್ಳವರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ವಿನಾಯಿತಿ ಇದೆಯಷ್ಟೆ. ದಿಲ್ಲಿಯಲ್ಲಿ ಯಾವ ದಿನ ಯಾರು ಎದ್ದುನಿಂತು ಅದನ್ನು ಕಿತ್ತುಹಾಕುತ್ತಾರೋ ಎಂದು ಅವರು ಅಧಿವೇಶನ ಮುಗಿಯುವವರೆಗೂ ನಮ್ಮ ಟಿ.ವಿ. ಮುಂದೆ ಕಾವಲು ಕೂರುತ್ತಿದ್ದರು.

"ಮೇಷ್ಟ್ರೇ, ಅವರು ಮನಸ್ಸು ಮಾಡಿದ್ರೆ ಎಂತ ಬೇಕಾದ್ರೂ ಮಾಡ್ಬಹುದಾ?"

"ಇಲ್ಲಣ್ಣ, ಸಂವಿಧಾನದ ಮೂಲ ಸ್ವರೂಪ ಮುಟ್ಟೋ ಹಾಗಿಲ್ಲ."

"ನಮ್ಮ ಕೋವಿ ಅದ್ರೊಳಗೆ ಬರ್ತದಾ?"

ಇಂಥ ಹೊತ್ತಿನಲ್ಲಿ ನಾನು ಕಾಫಿ ಲೋಟದೊಳಗೆ ಮುಖ ಇಟ್ಟುಬಿಡುತ್ತಿದ್ದೆ.

ಈ ಸಲ ಅವರು ಬರಲಿಲ್ಲ. ಎದೆನೋವೆಂದು ಆಸ್ಪತ್ರೆ ಸೇರಿ, ಮನೆಗೆ ಬಂದು ಮಲಗಿದ್ದರು. ಅವರ ಪಾಲಿನ ಆತಂಕವನ್ನೂ ನಾನೇ ಹೊತ್ತು ಕೂತಿದ್ದ ಒಂದು ಬೆಳಿಗ್ಗೆ, ಕಣಿವೆಯಾಚೆಯಿಂದ ಒಂದರ ಹಿಂದೊಂದು ಎರಡು ಗುಂಡಿನ ಸದ್ದು ಕೇಳಿತು.

ನಮ್ಮಲ್ಲಿ ಎರಡು ಗುಂಡೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಫೋನಿನ ಸಿಗ್ನಲ್ ಕಣಿವೆಗೆ ಇಳಿಯುವುದೇ ಅಪರೂಪವಾದ್ದರಿಂದ ಇಂದಿಗೂ ಕೋವಿಯ ಮಾತನ್ನೇ ಎಲ್ಲರೂ ನಂಬುವುದು. ನನ್ನ ಹೆಂಡತಿ ಗಿರಿಜೆ ಒಲೆ ಆರಿಸಿದಳು. "ಹೋಗ್ಬಿಟ್ರೇನ್ರೀ?" ಎಂದವಳೇ ಬೀರುವಿನಿಂದ ಬಿಳಿ ಸೀರೆ ತೆಗೆದಳು. ನಾನು ಬಿಳಿ ಅಂಗಿಯ ಗುಂಡಿಯನ್ನು ತಪ್ಪುತಪ್ಪಾಗಿ ಹಾಕಿಕೊಳ್ಳುತ್ತ ಅತ್ತುಬಿಟ್ಟೆ. ಮೂಲ ಸ್ವರೂಪದ ಬಗ್ಗೆ ಆ ಮನುಷ್ಯನಿಗೆ ಇನ್ನೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲವಲ್ಲ.

ನಾವು ಹೋಗುವಷ್ಟರಲ್ಲಿ ಅಂಗಳದ ತುಂಬ ಬಿಳಿ ಬಟ್ಟೆಯ ಜನ. ಮಧ್ಯೆ ಜಗಲಿಯ ಮೇಲೆ, ಮಂಕಿಕ್ಯಾಪ್ ಹಾಕಿಕೊಂಡು, ತೊಡೆಯ ಮೇಲೆ ಕೋವಿ ಇಟ್ಟುಕೊಂಡು ಕೂತಿದ್ದರು ಬೋಪಯ್ಯಣ್ಣ!

"ಆನೆ ಹಲಸಿನ ಮರಕ್ಕೆ ಬಂದಿತ್ತು. ಆಕಾಶಕ್ಕೆ ಒಂದು ಹೊಡ್ದೆ, ಕಿವಿ ಸಹ ಆಡಿಸ್ಲಿಲ್ಲ. ಇನ್ನೊಂದು ಹೊಡ್ದೆ. ಎಂತ ಮಾಡುದು?"

"ಜೀವ ಬಾಯಿಗೆ ಬಂದಿತ್ತಲ್ಲಣ್ಣ!" ಎಂದು ಗಿರಿಜೆ ಬಿಳಿ ಸೆರಗಿನಲ್ಲೇ ಕಣ್ಣೊರೆಸಿಕೊಂಡು ಅವರನ್ನು ಚೆನ್ನಾಗಿ ಬೈದಳು. ಬದುಕಿರುವವರನ್ನು ಬೈಯುವ ಸುಖವೇ ಬೇರೆ.

ಬಂದವರು ಸುಮ್ಮನೆ ಹೋಗಲಾದೀತೆ? ಕಾಫಿ ಬಂತು, ಜಗಲಿಯೇ ಸದನವಾಯಿತು. ಇನ್ನು ಮುಂದೆ ಆನೆಗಾದರೆ ಮೂರು ಗುಂಡು ಎಂಬ ಮಸೂದೆಯನ್ನು ಮಂಡಿಸಿದವನು ನಾನೇ. ಸಭಾತ್ಯಾಗವಿಲ್ಲ, ಗದ್ದಲವಿಲ್ಲ, ಆನೆಗಳ ಕಡೆಯ ಪ್ರತಿನಿಧಿಯಂತೂ ಇರಲೇ ಇಲ್ಲ. ಧ್ವನಿಮತದಿಂದ ಅಂಗೀಕಾರವಾಯಿತು.

"ಡೆಲ್ಲೀಲಿ ಇವತ್ತು ಎಂತ ಆಯ್ತು ಮೇಷ್ಟ್ರೇ?" ಎಂದರು ಬೋಪಯ್ಯಣ್ಣ.

"ಗಲಾಟೆ ಅಂತ ನಾಳೆಗೆ ಮುಂದೂಡಿದ್ರಂತೆ."

"ನೋಡಿ, ನಾವು ಕಾಫಿ ಆರೋದ್ರೊಳಗೆ ಮುಗಿಸಿದ್ವಿ!"

ನನಗೂ ಹೆಮ್ಮೆಯೆನಿಸಿತು. ಆ ಹೆಮ್ಮೆ ನಿನ್ನೆಯವರೆಗೂ ಇತ್ತು.

ನಿನ್ನೆ ಮಧ್ಯಾಹ್ನ ಕಣಿವೆಯಾಚೆ ಮತ್ತೆ ಗುಂಡು. ಒಂದು. ಎರಡು. ಗಿರಿಜೆಯ ಕೈಯ ಸೌಟು ನಿಂತಿತು. ಆಗ ನನಗೆ ನಮ್ಮ ಕಾನೂನಿನ ತೂತು ಕಾಣಿಸಿತು. ಅಂದು ಜಗಲಿಯಲ್ಲಿದ್ದವರಲ್ಲಿ ಮುಕ್ಕಾಲು ಜನ ಕೋವಿ ಹಿಡಿದೇ ಬೆಳೆದವರು. ಆದರೂ ಬೋಪಯ್ಯಣ್ಣನದು ಜೋಡುನಳಿಗೆಯ ಹಳೇ ಕೋವಿ, ಅದರಲ್ಲಿರುವುದು ಎರಡೇ ಗುಂಡು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಮೂರನೆಯದಕ್ಕೆ ಕೋವಿ ಮಡಚಬೇಕು, ಹಳೆಯ ತೋಟೆ ಕೀಳಬೇಕು, ಜೇಬು ತಡಕಿ ಹೊಸದನ್ನು ತುಂಬಬೇಕು.

ಇದನ್ನೆಲ್ಲ ಗಿರಿಜೆಗೆ ಪಿಸುಮಾತಿನಲ್ಲಿ ವಿವರಿಸಿದೆ. ಅವಳಿಗೆ ಕೇಳಿಸಲಿಲ್ಲ, ಕಿವಿಯೆಲ್ಲ ಕಣಿವೆಯ ಕಡೆಗೇ ಇತ್ತು. ಕೋವಿ ಯಾರು ಹಿಡಿಯಬೇಕೆಂದು ಸಂಸತ್ತು ಹೇಳಬಹುದು, ಎಷ್ಟು ಗುಂಡು ಹೊಡೆಯಬೇಕೆಂದು ನಮ್ಮ ಜಗಲಿ ಹೇಳಬಹುದು. ಕಾಯಿಲೆ ಬಿದ್ದ ಮನುಷ್ಯನ ಬೆರಳುಗಳಿಗೆ ಬೇಗ ಬೇಗ ಎಂದು ಹೇಳುವ ಅಧಿಕಾರ ಯಾವ ಸದನಕ್ಕೂ ಇಲ್ಲ.

ಟಿ.ವಿ.ಯಲ್ಲಿ ಯಾರೋ ಕೂಗಾಡುತ್ತಿದ್ದರು. "ಕೂತುಕೊಳ್ಳಿ, ಕೂತುಕೊಳ್ಳಿ" ಎಂದರು ಸಭಾಧ್ಯಕ್ಷರು. ಮೂರನೆಯದು ಕೇಳುವವರೆಗೂ ನಾವಿಬ್ಬರೂ ನಿಂತೇ ಇದ್ದೆವು.