ಪೆಡಲ್ ತುಳಿದು, ಒಂದು ಎಣಿಸಿ

ಗಂಡ ತೀರಿಕೊಂಡ ಆರನೆಯ ದಿನ ಮಧ್ಯಾಹ್ನ ಅವರ ಆಫೀಸಿನವಳೊಬ್ಬಳು ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಹನ್ನೊಂದು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು. ಆಂಬುಲೆನ್ಸ್ ಕಂಪನಿಯ ಡಿಸ್ಪ್ಯಾಚ್ ರೂಮಿನಲ್ಲಿ ಅವಳು ಫೋನ್ ಎತ್ತಿ ವಿವರ ಕೇಳುವುದು, ಇವರು ರೇಡಿಯೋದಲ್ಲಿ ಗಾಡಿಗಳನ್ನು ಕಳಿಸುವುದು. ಇಬ್ಬರೂ ಜೋಡಿ. ಅವಳು ಶೂ ಬಿಚ್ಚಿ ಬಾಗಿಲ ಹೊರಗಿಟ್ಟು ಒಳಗೆ ಬಂದಳು. ನಮ್ಮ ಮನೆಗೆ ಅವಳು ಬಂದದ್ದು ಅದೇ ಮೊದಲು. ಶೂ ಹೊರಗೆ ಬಿಡಬೇಕೆಂದು ಇವಳಿಗೆ ಯಾರು ಹೇಳಿದ್ದು ಎಂದು ಯೋಚಿಸಿದೆ. ಮನೆಯಲ್ಲಿ ಸಾವಾಗಿ ಆರು ದಿನ ಕೂಡ ತುಂಬದಿದ್ದಾಗ ನನ್ನ ತಲೆಗೆ ಬಂದದ್ದು ಅದು.

ಅವಳು ಓಕ್ಲ್ಯಾಂಡಿನಲ್ಲೇ ಹುಟ್ಟಿ ಬೆಳೆದವಳು. ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಡೇಕೇರಿನ ಮಕ್ಕಳ ಮೂಗು ಒರೆಸುತ್ತ ಕಲಿತದ್ದು. ಆದ್ದರಿಂದ ಅವಳ ಮಾತನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ.

"ನಮ್ಮಲ್ಲಿ ಒಂದು ರೂಢಿ ಇದೆ," ಎಂದಳು. "ಯಾರಾದರೂ ಹೋದರೆ ರೇಡಿಯೋದಲ್ಲಿ ಅವರ ನಂಬರನ್ನ ಮೂರು ಸಲ ಕರೀತೀವಿ. ಪ್ರತಿ ಸಲ ಅರ್ಧ ನಿಮಿಷ ಕಾಯ್ತೀವಿ. ಉತ್ತರ ಬರಲ್ಲ. ಆಮೇಲೆ ಆ ನಂಬರು ಮುಗೀತು ಅಂತ ಹೇಳ್ತೀವಿ. ರಸ್ತೆ ಮೇಲಿರೋ ಎಲ್ಲಾ ಗಾಡಿಗಳೂ ಕೇಳ್ತವೆ. ನಿಮ್ಮ ಹದಿಮೂರು ದಿನ ಮುಗಿದ ಮೇಲಿನ ಶುಕ್ರವಾರ ಇಟ್ಕೊಳ್ಳೋಣ ಅಂತಿದೀವಿ. ಬೆಳಿಗ್ಗೆ ಏಳಕ್ಕೆ, ಶಿಫ್ಟು ಬದಲಾಗೋವಾಗ."

ಹದಿಮೂರು ದಿನದ ವಿಷಯವೂ ಗೊತ್ತಿತ್ತು ಅವಳಿಗೆ.

"ಮನೆಯವರು ಒಪ್ಪಿದರೆ ನಾನೇ ಕರೀಬೇಕು ಅಂತ ಆಸೆ," ಎಂದಳು.

"ನಾನು ಕರೀತೇನೆ," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ನನ್ನನ್ನು ನೋಡಿದಳು. ಆ ಗಳಿಗೆಯವರೆಗೆ ನನಗೆ ಈ ರೂಢಿಯ ಸುದ್ದಿಯೇ ಗೊತ್ತಿರಲಿಲ್ಲ. ಆದರೆ ಅವರನ್ನು ಕೊನೆಯ ಸಲ ಕರೆಯುವ ಬಾಯಿ ಈ ಆಫೀಸಿನವಳದಾಗಬಾರದು ಎಂಬುದೊಂದು ಮಾತ್ರ ಸ್ಪಷ್ಟವಾಗಿತ್ತು.

ಅವಳು ತಲೆ ಆಡಿಸಿ, "ಖಂಡಿತ. ಒಂದ್ಸಲ ಬಂದು ಹೇಗೆ ಅಂತ ತೋರಿಸಿಕೊಡ್ಲಾ?" ಎಂದಳು.

"ಬೇಡ. ಒಂದು ನಂಬರು ಹೇಳೋದು ತಾನೆ?"

ಹೊಟ್ಟೆಕಿಚ್ಚು ಅಂದೇ ಹುಟ್ಟಿದ್ದಲ್ಲ. ನಾವಿಬ್ಬರೂ ಕುಂದಾಪುರದ ಕಡೆಯವರು. ನನ್ನ ವಯಸ್ಸಿನವರು ಅಲ್ಲಿ ಗಂಡನನ್ನು ಹೆಸರಿಟ್ಟು ಕರೆಯುವುದಿಲ್ಲ. 'ಹ್ವಾಯ್' ಎಂದರೆ ಮುಗಿಯಿತು. ಇಪ್ಪತ್ತೆರಡು ವರ್ಷ ನಾನು ಅಷ್ಟೇ ಅಂದೆ. ಇವಳು ದಿನಕ್ಕೆ ನಲವತ್ತು ಸಲ ಅವರ ಹೆಸರು ಹಿಡಿದು ಕರೆಯುತ್ತಿದ್ದಳು, ಅದನ್ನೂ ಅರ್ಧಕ್ಕೆ ಕತ್ತರಿಸಿ. ಫೋನಿನಲ್ಲಿ ಹಿಂದಿನಿಂದ ಅವಳ ದನಿ ಕೇಳಿದಾಗೆಲ್ಲ ನಾನು ಬಾಯಿ ಬಿಟ್ಟು ಹೇಳದ ಹೆಸರು ಅವಳ ಬಾಯಲ್ಲಿ ಸವೆದುಹೋಗುತ್ತಿದೆ ಅನ್ನಿಸುತ್ತಿತ್ತು.

ಮನೆಯಲ್ಲಿ ಅವರದು ಮಾತು ಕಡಿಮೆ. ಏನು ಕೇಳಿದರೂ ತಕ್ಷಣ ಉತ್ತರ ಬರುತ್ತಿರಲಿಲ್ಲ. ಒಂದು ಕ್ಷಣ ತಡೆದು, ಆಮೇಲೆ ಹೇಳುತ್ತಿದ್ದರು. ಉಪ್ಪು ಸಾಕಾ ಎಂದು ಕೇಳಿದರೂ ಹಾಗೇ. ಊಟದ ಮೇಜಿನ ಕೆಳಗೆ ಬಲಗಾಲು ಒಮ್ಮೆ ನೆಲ ಒತ್ತುತ್ತಿತ್ತು. ನನ್ನ ಮಾತು ಅವರಿಗೆ ಬೇಸರ ಎಂದು ನಾನು ತಿಳಿದಿದ್ದೆ. ಹನ್ನೆರಡು ಗಂಟೆಯ ಶಿಫ್ಟಿನಲ್ಲಿ ಮಾತೆಲ್ಲ ಅಲ್ಲಿ ಸುರಿದು, ತಳದಲ್ಲಿ ಉಳಿದದ್ದನ್ನು ನನಗೆ ತರುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ನಾನು ಕಟ್ಟಿಕೊಡುತ್ತಿದ್ದ ಡಬ್ಬಿ ತೊಳೆದು ವಾಪಸ್ಸು ಬರುತ್ತಿತ್ತು. ಅವರು ಒಂದು ಲೋಟ ತೊಳೆದವರಲ್ಲ. ಅಂದರೆ ಅವಳು ತಿಂದು, ಅವಳು ತೊಳೆದು ಕಳಿಸುತ್ತಿದ್ದಾಳೆ. ಒಂದು ವಾರ ಬೇಕೆಂದೇ ನೀರುದೋಸೆಯ ಜೊತೆ ಚಟ್ನಿ ಕಡಿಮೆ ಹಾಕಿದೆ. ಗುರುವಾರ ಸಂಜೆ ಅವರು ಶೂ ಬಿಚ್ಚುತ್ತ, "ಚಟ್ನಿ ಕಮ್ಮಿ ಆಯ್ತಂಬ್ರ್," ಎಂದರು. ಕಮ್ಮಿ ಆಯಿತಂತೆ, ಅಂದರೆ ಹಾಗೆಂದವರು ಬೇರೆ ಯಾರೋ.

"ಯಾರಿಗೆ ಕಮ್ಮಿ ಆದ್ದ್?"

ಕಾಲು ನೆಲ ಒತ್ತಿತು. ಒಂದು ಕ್ಷಣ. "ಒಳ್ಳೆ ಕಥೆ ನಿಂದ್ ಮಾರಾಯ್ತಿ," ಎಂದು ನಕ್ಕು ಸ್ನಾನಕ್ಕೆ ಹೋದರು.

ಮರುದಿನದಿಂದ ಚಟ್ನಿ ಜಾಸ್ತಿ ಹಾಕಿದೆ. ಕಡಿಮೆ ಹಾಕಿದರೆ ಅವಳು ಗೆದ್ದ ಹಾಗೆ ಅನ್ನಿಸಿತು. ಜಾಸ್ತಿ ಹಾಕಿದಾಗಲೂ ಹಾಗೇ ಅನ್ನಿಸಿತು.

ಕ್ಯುಪರ್ಟಿನೋದಲ್ಲಿ ಪರಿಚಯದವರ ಮನೆಯ ಪೂಜೆಗೆ ಹೋದಾಗ ಎಂಜಿನಿಯರು ಗಂಡಸರು ಇವರನ್ನು ಕೆಣಕುತ್ತಿದ್ದರು. "ಏನ್ ಸಾರ್, ನಮ್ಗೇನಾದ್ರೂ ಆದ್ರೆ ಗಾಡಿ ಬೇಗ ಕಳಿಸ್ತೀರಾ, ಇಲ್ಲಾ ಅಲ್ಲೂ ವೇಟಿಂಗ್ ಲಿಸ್ಟಾ?" ಇವರು ಆ ಒಂದು ಕ್ಷಣ ತಡೆದು, "ನಿಮ್ಮ ಅಡ್ರೆಸ್ಸು ಸರಿ ಹೇಳಿದರೆ ಸಾಕು. ಅರ್ಧ ಜನ ಅದನ್ನೇ ಮರೆತಿರುತ್ತಾರೆ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಇಂಥ ಮಾತು ಆಫೀಸಿನಲ್ಲಿ ಇವಳ ಪಕ್ಕ ಕೂತು ದಿನಕ್ಕೆಷ್ಟು ಆಡುತ್ತಾರೋ ಎಂದು ನಾನು ಪ್ರಸಾದದ ತಟ್ಟೆ ಹಿಡಿದುಕೊಂಡು ಯೋಚಿಸುತ್ತಿದ್ದೆ.

ಆದರೆ ಇವೆಲ್ಲ ಸಣ್ಣವು. ದೊಡ್ಡದು ಆ ಭಾನುವಾರದ ಬೆಳಗಿನದು. ಅವರಿಗೆ ರಜೆ. ನಾನು ಕಾವಲಿಯ ಮೇಲೆ ದೋಸೆ ಹೊಯ್ಯುತ್ತಿದ್ದೆ. ಅವರು ಒಳಗಿನ ಕೋಣೆಯಲ್ಲಿದ್ದರು. ಯಾರೋ ಬಾಗಿಲು ತಟ್ಟಿದರು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಇಬ್ಬರು ಒಳಗೆ ಬಂದೇ ಬಿಟ್ಟರು. ಅವರದೇ ಕಂಪನಿಯ ಯೂನಿಫಾರ್ಮು, ಸ್ಟ್ರೆಚರು. ಗಂಡನಿಗೆ ಎದೆ ನೋವು ಬಂದಿದೆ ಎಂದು ನನಗೆ ಗೊತ್ತಾದದ್ದು ಆ ಇಬ್ಬರ ಬಾಯಿಂದ.

ಗಂಡ ಆಫೀಸಿನ ತಮ್ಮದೇ ಮೇಜಿಗೆ ಫೋನ್ ಮಾಡಿದ್ದರು. ಊರವರೆಲ್ಲ ಮಾಡುವ ತುರ್ತು ನಂಬರಿಗೂ ಅಲ್ಲ, ಹತ್ತು ಹೆಜ್ಜೆ ದೂರದಲ್ಲಿದ್ದ ನನಗೂ ಅಲ್ಲ. ಅಲ್ಲಿ ಎತ್ತಿದವಳು ಅವಳು. ಸ್ಟ್ರೆಚರಿನಲ್ಲಿ ಹೋಗುವಾಗ ನನ್ನ ಕಡೆ ನೋಡಿ ಹೇಳಿದ್ದು ಎರಡೇ ಮಾತು: "ಗ್ಯಾಸ್ ಆರ್ಸು." ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದರು. ಮೂರು ದಿನದ ಮೇಲೆ ಹೋದರು.

ಅದಕ್ಕೇ ಆ ಆರನೆಯ ದಿನ, ಅವಳು ಎದ್ದು ಹೊರಟಾಗ, ಕೇಳಿಬಿಟ್ಟೆ. "ಅವತ್ತು ನಿಮಗೆ ಏನು ಹೇಳಿದರು?"

ಅವಳು ಮತ್ತೆ ಕೂತಳು. "ವಯಸ್ಸು. ಎದೆ, ಎಡಗೈ. ಎಷ್ಟು ಹೊತ್ತಿನಿಂದ ಅಂತ. ಅಪಾರ್ಟ್‌ಮೆಂಟ್ ನಂಬರು. ಬಾಗಿಲು ಕೆಳಗೆ ಹಿಡಿಯತ್ತೆ, ಭುಜ ಕೊಟ್ಟು ತಳ್ಳಲಿ ಅಂದ."

"ನನ್ನ ಬಗ್ಗೆ?"

"ಏನೂ ಹೇಳಲಿಲ್ಲ, ಹನಿ. ಹೇಳಿದ ಅಂತ ನಾನು ಸುಳ್ಳು ಹೇಳಬಹುದು. ಹೇಳಲ್ಲ."

ಅವಳು ಹೋದ ಮೇಲೆ ಮಗಳು ಲೋಟ ಎತ್ತುತ್ತ ಮೆಲ್ಲಗೆ, "ಅಮ್ಮಾ, ಇಟ್ಸ್ ನಾಟ್ ಅ ಕಾಂಟೆಸ್ಟ್," ಎಂದಳು. ಕನ್ನಡವಿರಲಿ, ಇಂಗ್ಲಿಷಿರಲಿ, ನನ್ನ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಶುಕ್ರವಾರ ಬೆಳಿಗ್ಗೆ ಮಗಳು ಕಾರು ಓಡಿಸಿದಳು. ಫ್ರೀವೇಯಲ್ಲಿ ನಾನು ಬಾಯೊಳಗೇ ನಂಬರು ಹೇಳಿಕೊಳ್ಳುತ್ತಿದ್ದೆ. ಟೂ ಸೆವೆನ್. ಅವರು ಆಂಬುಲೆನ್ಸ್ ಓಡಿಸುತ್ತಿದ್ದ ಕಾಲದ ನಂಬರು ಅದು. ಬೆನ್ನು ನೋವಾಗಿ ಒಳಗೆ ಕೂರುವ ಕೆಲಸಕ್ಕೆ ಬಂದ ಮೇಲೂ ಅದೇ ಉಳಿಯಿತು.

ಡಿಸ್ಪ್ಯಾಚ್ ರೂಮಿಗೆ ಕಿಟಕಿ ಇರಲಿಲ್ಲ. ಆರು ಮೇಜು, ಒಂದೊಂದಕ್ಕೂ ನಾಲ್ಕೈದು ಪರದೆ. ಹದಿನೈದು ಇಪ್ಪತ್ತು ಜನ ಗೋಡೆಗೆ ಒರಗಿ ನಿಂತಿದ್ದರು. ಗಂಡನ ಕುರ್ಚಿಯ ಬೆನ್ನಿಗೆ ಒಂದು ಬೂದು ಬಣ್ಣದ ಶಾಲು ಹೊದಿಸಿತ್ತು. ನನ್ನ ಶಾಲು. ಎರಡು ವರ್ಷದಿಂದ ನಾನು ಹುಡುಕುತ್ತಿದ್ದದ್ದು. ಕೂತಾಗ ಅದರಿಂದ ಬಂದದ್ದು ಯಾವುದೋ ಹ್ಯಾಂಡ್ ಕ್ರೀಮಿನ ವಾಸನೆ. ಇವರು ಕ್ರೀಮು ಹಚ್ಚುವವರಲ್ಲ.

"ಏಸಿ ಜಾಸ್ತಿ ಇಲ್ಲಿ," ಎಂದಳು ಅವಳು ಪಕ್ಕದ ಕುರ್ಚಿಯಿಂದ. "ಇಬ್ಬರೂ ಹಂಚಿಕೊಳ್ತಿದ್ವಿ."

ಅವಳು ಹೆಡ್‌ಸೆಟ್ ನನ್ನ ತಲೆಗೆ ಹಾಕಿದಳು. ಮೇಜಿನ ಕೆಳಗೆ ಬಲಗಾಲಿನ ಹತ್ತಿರ ಒಂದು ಪೆಡಲ್ ಇತ್ತು, ಹೊಲಿಗೆ ಮೆಷಿನ್ನಿನದರ ಹಾಗೆ. ಅದನ್ನು ತುಳಿದಿರುವಾಗ ಮಾತ್ರ ನಮ್ಮ ಮಾತು ಹೊರಗೆ ಹೋಗುತ್ತದೆ ಎಂದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನು ತಲೆ ಆಡಿಸಿ ಮುಂದಕ್ಕೆ ತಿರುಗಿದೆ.

ಏಳು ಗಂಟೆಗೆ ಅವಳೇ ರೇಡಿಯೋದಲ್ಲಿ ಎಲ್ಲ ಗಾಡಿಗಳಿಗೂ ಸುಮ್ಮನಿರಲು ಹೇಳಿ ನನ್ನ ಕಡೆ ಕೈ ತೋರಿಸಿದಳು. ನಾನು ಪೆಡಲ್ ತುಳಿದೆ. ತುಳಿದ ಗಳಿಗೆಯಲ್ಲೇ, "ಟೂ ಸೆವೆನ್," ಎಂದೆ.

ಗೋಡೆಯ ಸ್ಪೀಕರಿನಲ್ಲಿ ಕೇಳಿದ್ದು "ಸೆವೆನ್" ಮಾತ್ರ.

ಎರಡು ಕ್ಷಣ ಕಳೆಯಿತು. ಆಮೇಲೆ ಸ್ಪೀಕರು ಕರಕರ ಎಂದಿತು. "ಸೆವೆನ್, ಹೇಳಿ," ಎಂದಿತು ಒಂದು ಹೆಂಗಸಿನ ದನಿ.

ಏಳನೆಯ ನಂಬರಿನ ಗಾಡಿಯವಳು. ರೋಗಿಯನ್ನು ಆಸ್ಪತ್ರೆಯೊಳಗೆ ಬಿಟ್ಟು ಆಗಷ್ಟೇ ಸೀಟಿಗೆ ಬಂದಿದ್ದಳಂತೆ. ಮೊದಲಿನದೇನೂ ಕೇಳಿರಲಿಲ್ಲ. ನನಗೆ ಆಗ ಅದ್ಯಾವುದೂ ಗೊತ್ತಿರಲಿಲ್ಲ. ಉತ್ತರ ಬರುವುದಿಲ್ಲ ಎಂದು ಹೇಳಿದ್ದರು, ಉತ್ತರ ಬಂತು. ಹಿಂದೆ ಯಾರೋ ಉಸಿರೆಳೆದುಕೊಂಡರು.

ಅವಳು ತನ್ನ ಮೇಜಿನ ಪೆಡಲ್ ತುಳಿದಳು. ಅವಳ ಕಾಲು ನನಗೆ ಕಾಣುತ್ತಿತ್ತು. ತುಳಿದು, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಹೇಳಿದಳು. "ಸೆವೆನ್, ನಿಮಗಲ್ಲ. ಥ್ಯಾಂಕ್ ಯೂ. ಕಾಯ್ತಾ ಇರಿ." ಕಾಲು ತೆಗೆದು ನನ್ನ ಕಡೆ ಬಾಗಿದಳು. "ತಪ್ಪು ನನ್ನದು, ಹೇಳಬೇಕಿತ್ತು. ರೇಡಿಯೋ ತೆರೆದುಕೊಳ್ಳೋಕೆ ಒಂದು ಕ್ಷಣ ಬೇಕು. ಕೂಡಲೇ ಮಾತಾಡಿದರೆ ಮೊದಲ ಅಕ್ಷರ ನುಂಗಿಬಿಡತ್ತೆ. ಪೆಡಲ್ ತುಳಿ, ಒಂದು ಎಣಿಸು, ಆಮೇಲೆ ಹೇಳು."

ಹೇಳಲು ಬಂದವಳ ಬಾಯಿ ಮುಚ್ಚಿಸಿದ್ದು ನಾನು. ಎರಡು ಸಲ. ಆದರೂ ತಪ್ಪು ತನ್ನದೆಂದಳು. ಅದಕ್ಕೂ ನನಗೆ ಸಿಟ್ಟು ಬಂತು. ಹೆಡ್‌ಸೆಟ್ ತೆಗೆಯಲು ಕೈ ಎತ್ತಿ, "ನೀವೇ ಮಾಡಿ," ಎಂದೆ.

"ಇಲ್ಲ," ಎಂದಳು. "ಕುರ್ಚಿಯಲ್ಲಿ ಕೂತವರೇ ಕರೀಬೇಕು. ಹೊಸಬರೆಲ್ಲ ಈ ತಪ್ಪು ಮಾಡ್ತಾರೆ. ಅವನೂ ಮೊದಲ ವಾರ ಎರಡು ಗಾಡಿಗಳನ್ನ ಬೇರೆ ಊರಿಗೆ ಕಳಿಸಿದ್ದ. ಎಣಿಸು."

ತುಳಿದೆ. ಒಂದು ಎಣಿಸಿದೆ. "ಟೂ ಸೆವೆನ್." ಈ ಸಲ ಪೂರ್ತಿ ಹೋಯಿತು.

ಆಮೇಲಿನದು ಅರ್ಧ ನಿಮಿಷದ ಮೌನ. ಪರದೆಯ ಮೇಲೆ ಗಾಡಿಗಳ ಚಿಕ್ಕ ಚಿಕ್ಕ ಗುರುತುಗಳು ನಿಂತಲ್ಲೇ ನಿಂತಿದ್ದವು. ನಾನು ನನ್ನ ಕಾಲನ್ನೇ ನೋಡುತ್ತಿದ್ದೆ. ಆ ಪೆಡಲಿನ ರಬ್ಬರು ಬಲಗಡೆ ಸವೆದು ನುಣುಪಾಗಿತ್ತು. ಊಟದ ಮೇಜಿನ ಕೆಳಗೆ ನೆಲ ಒತ್ತುತ್ತಿದ್ದ ಕಾಲು ನೆನಪಾಯಿತು. ಉಪ್ಪು ಸಾಕಾ ಎಂದರೆ ತಡೆಯುತ್ತಿದ್ದ ಆ ಒಂದು ಕ್ಷಣ. ನನಗೆ ಹೇಳುವ ಮಾತಿನ ಮೊದಲ ಅಕ್ಷರವೂ ಕಳೆದುಹೋಗಬಾರದೆಂದು ಆ ಕಾಲು ತನ್ನಷ್ಟಕ್ಕೆ ಕಾಯುತ್ತಿತ್ತು. ಬೇಸರವೆಂದು ತಿಳಿದು ನಾನು ಎಷ್ಟೋ ಸಲ ಉತ್ತರ ಬರುವ ಮೊದಲೇ ಎದ್ದು ಹೋಗಿದ್ದೇನೆ. ಪಕ್ಕದಲ್ಲಿ ಕೂತವಳಿಗೆ ಇದು ಹನ್ನೊಂದು ವರ್ಷದಿಂದ ಗೊತ್ತಿತ್ತು. ಅವಳು ಒಂದು ಸಲವೂ ಎದ್ದು ಹೋಗಿರಲಿಕ್ಕಿಲ್ಲ.

ಅವಳು ಬೆರಳೆತ್ತಿದಳು. ತಪ್ಪಿಹೋದದ್ದನ್ನೂ ಸೇರಿಸಿ ಮೂರನೆಯ ಸಲ.

ನಾನು ಪೆಡಲ್ ತುಳಿಯಲಿಲ್ಲ. ಕಾಲು ನೆಲದ ಮೇಲಿರುವಾಗಲೇ, ಮೈಕಿನ ಹತ್ತಿರ, "ಹ್ವಾಯ್," ಎಂದೆ. ಅಡುಗೆಮನೆಯಿಂದ ಕರೆಯುವಷ್ಟೇ ದನಿಯಲ್ಲಿ. ಅದು ಎಲ್ಲೂ ಹೋಗುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ ತುಳಿದೆ, ಒಂದು ಎಣಿಸಿದೆ, ನಂಬರು ಹೇಳಿದೆ.

ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆ ನಂಬರಿನ ಕೆಲಸ ಮುಗಿಯಿತೆಂದು ಅವಳು ಹೇಳಿದಳು. ನಂತರ ಗಾಡಿಗಳು ಒಂದೊಂದಾಗಿ ತಮ್ಮ ನಂಬರು ಹೇಳಿ ಕೆಲಸಕ್ಕೆ ಹತ್ತಿದವು. ಏಳನೆಯ ಗಾಡಿಯವಳು ತನ್ನ ನಂಬರು ಹೇಳಿ, ಕೊನೆಗೆ ಸಣ್ಣ ದನಿಯಲ್ಲಿ "ಸಾರಿ" ಎಂದಳು.

ಕಂಪನಿಯವರು ಅದರ ರೆಕಾರ್ಡಿಂಗು ಕಳಿಸಿದರು. ಮಗಳು ಫೋನಿನಲ್ಲಿ ಹಾಕಿ ಕೇಳಿಸಿದಳು. ಎರಡನೆಯ ಕರೆಯ ಮೇಲಿನ ಮೌನ ಇದೆ, ಪೆಡಲಿನ ಕಟ್ ಎಂಬ ಸದ್ದು ಇದೆ, ಒಂದು ಕ್ಷಣ ಇದೆ, ನಂಬರು ಇದೆ. ನನ್ನ ಮಾತು ಇಲ್ಲ.

ಶಾಲು ವಾಪಸ್ಸು ತಂದಿದ್ದೇನೆ. ಇನ್ನೂ ಒಗೆದಿಲ್ಲ.

ಒಂದು ವಾರದ ಮೇಲೆ ಅವಳು ಫೋನ್ ಮಾಡಿದಳು. ಅದೂ ಇದೂ ಮಾತಾಡಿ, "ಮೂರನೇ ಸಲ, ಪೆಡಲ್ ತುಳಿಯೋ ಮೊದಲು ನೀನು ಏನೋ ಅಂದೆ. ನನಗೆ ಸರಿಯಾಗಿ ಕೇಳಿಸಲಿಲ್ಲ. ಏನದು?" ಎಂದಳು.

"ಏನಿಲ್ಲ," ಎಂದೆ.

ಅವಳು ಒಂದು ಕ್ಷಣ ತಡೆದಳು. ಅವರು ತಡೆಯುತ್ತಿದ್ದಷ್ಟೇ ಹೊತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆಮೇಲೆ, "ಓಕೆ, ಹನಿ," ಎಂದಳು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ. ಊಟ ಆಯಿತಾ, ಟ್ರಾಫಿಕ್ ಹೇಗಿತ್ತು, ಆ ಕುರ್ಚಿಗೆ ಯಾರು ಬಂದರು ಎಂದು ಏನಾದರೊಂದು ಕೇಳುತ್ತೇನೆ. ಉತ್ತರ ನನಗೆ ಬೇಕಾಗಿಲ್ಲ. ಉತ್ತರಕ್ಕೆ ಮೊದಲಿನ ಆ ಒಂದು ಕ್ಷಣ ಈ ಊರಿನಲ್ಲಿ ಇನ್ನು ಉಳಿದಿರುವುದು ಅವಳ ಹತ್ತಿರ ಮಾತ್ರ. ಅದನ್ನು ಅವಳಿಗೆ ಹೇಳಿಲ್ಲ.