ಹುಡುಗರ ಗಾಡಿ

ಈ ಭಾನುವಾರ ಬೆಳಿಗ್ಗೆ ಅಲ್ಲಾಳಸಂದ್ರದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಎಲ್ಲಿಂದಲೋ ಕ್ಲಚ್ ಸುಟ್ಟ ವಾಸನೆ ಬಂತು. ಆ ವಾಸನೆ ನಿಮಗೂ ಗೊತ್ತಿರಬಹುದು. ನೀರಿಲ್ಲದೆ ಒಲೆಯ ಮೇಲೆ ಮರೆತ ಕುಕ್ಕರಿನದಂಥದ್ದು. ಪಕ್ಕದ ಸೀಟಿನಲ್ಲಿದ್ದ ಅಮ್ಮ ಮೂಗರಳಿಸಿ, "ನಮ್ದಲ್ಲ ತಾನೆ?" ಎಂದಳು. ನಮ್ಮದಲ್ಲ. ಎರಡು ವರ್ಷದ ಹಿಂದೆ ಮಾತ್ರ ಅದು ನಮ್ಮದೇ ಆಗಿತ್ತು.

ನಾನು ಕಾರು ಕಲಿತದ್ದು ಐವತ್ತೊಂದಕ್ಕೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು; ಅಷ್ಟು ವರ್ಷವೂ ಬಸ್ಸಿನ ಹಿಂದೆ ಓಡಿದ್ದೆ, ಇಲ್ಲವೇ ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಒತ್ತಿಕೊಂಡು ಕೂತಿದ್ದೆ. ಲೈಸೆನ್ಸು ಬಂದ ತಿಂಗಳೇ ಒಂದು ಕೆಂಪು ಪುಟ್ಟ ಕಾರು ಕೊಂಡೆ. ಕಪ್ಪು ಛಾವಣಿ, ಹಿಂದುಗಡೆ ಸಣ್ಣದೊಂದು ರೆಕ್ಕೆ, ಕಾಲು ತಾಗಿದರೆ ಸಾಕು ಮುನ್ನುಗ್ಗುವ ಟರ್ಬೊ ಎಂಜಿನ್. ಶೋರೂಮಿನಾತ "ಮಗನಿಗಾ ಮೇಡಂ?" ಎಂದ. "ನಂಗೆ" ಎಂದೆ. ನನಗೆ ಮಗನೇ ಇಲ್ಲ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ.

ಅಣ್ಣ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಹುಡುಗರ ಗಾಡಿ ಕಣೆ. ಆಟೋಮ್ಯಾಟಿಕ್ ತಗೋಬಾರ್ದಿತ್ತಾ? ಅಮ್ಮನ್ನ ಮಾತ್ರ ಇದ್ರಲ್ಲಿ ಕೂರಿಸ್ಬೇಡ" ಎಂದ. ಅಮ್ಮ ಇರುವುದು ಅವನ ಮನೆಯಲ್ಲಿ. ಅವಳೂ ಹೌದೆಂದು ತಲೆಯಾಡಿಸಿದಳು. ಅಣ್ಣನ ಮಾತು ನನಗೆ ನಾಟಲಿಲ್ಲ, ಅವಳ ತಲೆಯಾಟ ನಾಟಿತು.

ಮೊದಲ ವಾರವೇ ಗೇಟಿನ ಕಂಬಕ್ಕೆ ಕಾರಿನ ಕನ್ನಡಿ ಉಜ್ಜಿದ್ದು ನಿಜ. ನಾನು ರಿವರ್ಸ್ ತೆಗೆಯುವ ಸದ್ದಿಗೆ ಎದುರು ಮನೆಯವರು ಹೂಕುಂಡಗಳನ್ನು ಒಳಗಿಟ್ಟುಕೊಳ್ಳುತ್ತಿದ್ದುದೂ ನಿಜ. ಆದರೂ ಬೇರೆ ಕಾರಿನ ಮಾತನ್ನು ನಾನು ಎತ್ತಲಿಲ್ಲ, ಎತ್ತಿದವರಿಗೆ ಕಾಫಿ ಕೊಟ್ಟು ಕಳಿಸಿದೆ.

ಹೀಗಿರುವಾಗ ಅಣ್ಣ ಊರಲ್ಲಿಲ್ಲದ ಒಂದು ದಿನ ಅಮ್ಮ ಆರ್.ಟಿ. ನಗರದ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕಾಯಿತು. ಆಟೋ ಸಿಗಲಿಲ್ಲ. ದೇವರ ಹೆಸರು ಹೇಳಿಕೊಂಡು ನನ್ನ ಕಾರು ಹತ್ತಿದಳು. ಹೆಬ್ಬಾಳದ ಫ್ಲೈಓವರಿನ ಏರಿನಲ್ಲಿ ಗಾಡಿಗಳ ಸಾಲು ನಿಂತಿತು. ಸಾಲು ಮತ್ತೆ ಹೊರಟಾಗ ನನ್ನ ಕಾರು ಒಂದು ಮೊಳ ಹಿಂದಕ್ಕೆ ಜಾರಿ ಆಫ್ ಆಯಿತು. ಮತ್ತೊಮ್ಮೆಯೂ ಹಾಗೇ. ಮೂರನೇ ಸಲಕ್ಕೆ ಆ ವಾಸನೆ ಎದ್ದಿತು. ಹಿಂದಿನಿಂದ ಹಾರ್ನುಗಳ ಅಬ್ಬರ. ಹಿಂದಿನ ಕಾರಿನವನು ಇಳಿದು ಬಂದು ಗಾಜು ತಟ್ಟಿದ.

"ಆಂಟಿ, ಇಳೀರಿ, ನಾನ್ ಹತ್ತಿಸ್ಕೊಡ್ತೀನಿ. ಇಂಥ ಗಾಡಿ ನಿಮ್ಗ್ಯಾಕೆ?"

ಕೆಟ್ಟವನೇನಲ್ಲ, ಪಾಪ, ಸಹಾಯಕ್ಕೇ ಬಂದಿದ್ದ. ನನ್ನ ಕೈ ಆಗಲೇ ಸೀಟ್ ಬೆಲ್ಟಿನ ಗುಂಡಿಯ ಮೇಲಿತ್ತು, ಒಪ್ಪಿಕೊಳ್ಳುತ್ತೇನೆ. ಅಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಇಳೀಬೇಡ ಕಣೆ. ಇವತ್ತು ಇಳಿದ್ರೆ ಇನ್ಯಾವತ್ತೂ ಹತ್ತಲ್ಲ ನೀನು." ಆಮೇಲೆ ಅವನ ಕಡೆ ಬಾಗಿ, "ಅವಳ ಗಾಡಿ ಅವಳೇ ಹತ್ತಿಸ್ತಾಳೆ. ನೀನು ಹಿಂದೆ ಸ್ವಲ್ಪ ಜಾಗ ಬಿಡಪ್ಪ" ಎಂದಳು.

ಹ್ಯಾಂಡ್‌ಬ್ರೇಕ್ ಎಳೆದೆ. ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬಂದೆ. ಕಾರು ಮೈಯೆಲ್ಲ ನಡುಗಿತು. ಬ್ರೇಕ್ ಇಳಿಸಿದೆ ನೋಡಿ, ಹಗ್ಗ ಬಿಚ್ಚಿದ ಕರುವಿನ ಹಾಗೆ ಏರು ಹತ್ತಿಬಿಟ್ಟಿತು. ಇಳಿಜಾರಿನವರೆಗೂ ಇಬ್ಬರೂ ಉಸಿರು ಬಿಡಲಿಲ್ಲ.

ಡಾಕ್ಟರಿಗಾಗಿ ಕಾಯುವಾಗ ಅಮ್ಮ ತಾನಾಗಿಯೇ ಹೇಳಿದಳು. ಹದಿನಾಲ್ಕರಲ್ಲಿ ಅವಳು ಸೈಕಲ್ ಕಲಿಯಲು ಹೋಗಿ ಬಿದ್ದಾಗ ನನ್ನ ತಾತ "ಸಾಕು, ಇಳಿ" ಎಂದು ಸೈಕಲ್ಲನ್ನು ಕಿತ್ತುಕೊಂಡರಂತೆ. "ಬಿದ್ದಿದ್ದು ಒಂದೇ ಸಲ ಕಣೆ" ಎಂದಳು.

ಭಾನುವಾರ ಸಿಗ್ನಲ್ ಬಿಟ್ಟ ಮೇಲೆ ಚಿಕ್ಕಜಾಲದ ಕಡೆ ಹೊರಟೆವು. ಕೆಲಸವೇನೂ ಇರಲಿಲ್ಲ, ಸುಮ್ಮನೆ. ರಸ್ತೆ ಹಾಕಿ, ಮನೆಗಳಿನ್ನೂ ಏಳದ ಒಂದು ಹೊಸ ಲೇಔಟಿನಲ್ಲಿ ನಿಲ್ಲಿಸಿದೆ. ಅಮ್ಮ ಹೊರಗೆ ನೋಡುತ್ತಲೇ ಕೇಳಿದಳು: "ಎಪ್ಪತ್ತಾರಕ್ಕೆ ಲೈಸೆನ್ಸ್ ಕೊಡ್ತಾರೇನೇ?"

ಎರಡು ವರ್ಷದ ಹಿಂದಾಗಿದ್ದರೆ ನಾನೇ ನಕ್ಕುಬಿಡುತ್ತಿದ್ದೆನೇನೋ. ಎಂಜಿನ್ ಆರಿಸಿ ಕೀ ತೆಗೆದುಕೊಂಡೆ. ಅವಳನ್ನು ನನ್ನ ಜಾಗದಲ್ಲಿ ಕೂರಿಸಿ ಸೀಟನ್ನು ಮುಂದಕ್ಕೆಳೆದೆ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಆ ಖಾಲಿ ರಸ್ತೆಯನ್ನು ತುಂಬ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು. "ಇಷ್ಟಕ್ಕೇನಾ ಕಣೆ ನಮ್ಮನ್ನ ಅಷ್ಟೊಂದು ಹೆದರಿಸಿದ್ದು?"