ಚಿಕ್ಕತಾಯವ್ವನ ಹತ್ತು ಮರ

ಕೊಟ್ಟ ಸಸಿಯನ್ನು ವಾಪಸ್ಸು ಕಿತ್ತುಕೊಂಡು ಹೋಗುವವರನ್ನು ನೀವು ನೋಡಿದ್ದೀರಾ? ನಮ್ಮ ಪಕ್ಕದ ಹೊಲದ ಚಿಕ್ಕತಾಯವ್ವ ಹಾಗೆ ಮಾಡುತ್ತಿದ್ದಳು. ಮನೆಮನೆಯಿಂದ ಖಾಲಿ ಹಾಲಿನ ಕವರು ಕೇಳಿ ತಂದು, ಮಣ್ಣು ಗೊಬ್ಬರ ತುಂಬಿ, ಹೊಂಗೆ, ನೇರಳೆ, ಹಲಸಿನ ಬೀಜ ಊರುತ್ತಿದ್ದಳು. ಹತ್ತು ಗುಂಟೆ, ಇಪ್ಪತ್ತು ಗುಂಟೆ ಇದ್ದವರಿಗೆಲ್ಲ ಸಸಿ ಪುಕ್ಕಟೆ. ತಿಂಗಳು ಬಿಟ್ಟು ನೋಡಲು ಬರುತ್ತಿದ್ದಳು. ಬುಡ ಒಣಗಿತ್ತೋ, ಮುಗೀತು! ಸಸಿ ಕಿತ್ತು ಮಡಿಲಿಗೆ ಹಾಕಿಕೊಂಡು ಕೇರಿ ದಾಟುವ ತನಕ ಬೈಯುತ್ತಾ ಹೋಗುತ್ತಿದ್ದಳು.

ನಮ್ಮದು ಕಿಕ್ಕೇರಿ ಕಡೆ ಊರು. ಮೇಲೆ ನಮ್ಮ ರಾಗಿ ಹೊಲ, ಕೆಳಗೆ ಅವಳ ಅರ್ಧ ಎಕರೆ, ನಡುವೆ ಅವಳ ಬದು. ಬದುವಿನ ಮೇಲೆ ಒಂಬತ್ತು ಹೊಂಗೆ, ಒಂದು ಹಲಸು. ಮಕ್ಕಳಿಲ್ಲದವಳು, ಗಂಡ ಸತ್ತ ವರ್ಷ ನೆಟ್ಟಿದ್ದಳಂತೆ. ನಾಟಿ ಕಾಲಕ್ಕೆ ಗದ್ದೆಯವರೆಲ್ಲ ಬಂದು ಹೊಂಗೆ ಸೊಪ್ಪು ಕೊಯ್ದು ಗೊಬ್ಬರಕ್ಕೆಂದು ಕೆಸರಿಗೆ ತುಳಿಯಲು ಒಯ್ಯುತ್ತಿದ್ದರು. “ಸೊಪ್ಪು ಕುಯ್ಕಳ್ರಲಾ. ಕೊಂಬೆ ಮುರುದ್ರೆ ಕೈ ಮುರ್ದಾಕ್ತೀನಿ,” ಅಂತ ಕುಡುಗೋಲು ಹಿಡಿದು ಕೆಳಗೆ ನಿಂತಿರುತ್ತಿದ್ದಳು.

ಅವಳ ಬಾಯಲ್ಲಿ ಯಾರ ಬಗ್ಗೆಯೂ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಸಸಿಯನ್ನು ಆಳೆತ್ತರ ಬೆಳೆಸಿ ತೋರಿಸಿದರೂ, “ಸಾಯ್ಸಿಲ್ವಲ್ಲ, ಅಷ್ಟೇಯ,” ಅನ್ನುತ್ತಿದ್ದಳು.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಹೊಸತು. ನಾಲ್ಕು ನೇರಳೆ ಸಸಿ ತಂದು ನೆಟ್ಟು ಮರೆತುಬಿಟ್ಟಿದ್ದೆ. ನಾಗಮಂಗಲದಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಡೈರಿ ಮುಂದೆ ನಿಂತು ಮಾತಾಡುತ್ತಿದ್ದೆವು. ಅಷ್ಟರಲ್ಲಿ ಬಂದಳು ನೋಡಿ ಮಹಾತಾಯಿ, ಮಡಿಲಲ್ಲಿ ನನ್ನ ಸಸಿ!

“ನಾಕು ಗಿಡುಕ್ಕೆ ನಾಕು ಚೊಂಬು ನೀರು ಉಯ್ಯಕ್ಕಾಗ್ದಿರೋ ಸೋಂಬೇರಿ. ಇವ್ನಿಗೆ ಎಣ್ಣು ಬ್ಯಾರೆ ಕೇಡು!”

ಹಾಲು ಹಾಕಲು ಬಂದವರೆಲ್ಲ ಗೊಳ್ಳೆಂದು ನಕ್ಕರು. ಹೆಣ್ಣಿನ ಸೋದರಮಾವನೂ ನಕ್ಕ. ವಾರಕ್ಕೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಇವಳಿಗೆ ಬುದ್ಧಿ ಕಲಿಸಲೇಬೇಕು ಅಂದುಕೊಂಡೆ.

ಮೊದಲೇ ಆ ಹಲಸಿನ ನೆರಳು ಬಿದ್ದಷ್ಟಗಲ ನಮ್ಮ ರಾಗಿ ಸೊರಗುತ್ತಿತ್ತು. ಮರದ ಬುಡಕ್ಕೆ ತೂತು ಕೊರೆದು ಇಂಗು ತುಂಬಿದರೆ ಮರ ಒಣಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರೂ ಮಾಡಿದ್ದು ಒಪ್ಪುವುದಿಲ್ಲ ಅಷ್ಟೆ. ಅವಳು ಸಂತೆಗೆ ಹೋದ ದಿನ ಹಾಡುಹಗಲೇ ಬೈರಿಗೆ ತಗೊಂಡು ಹೋದೆ. ಬುಡದ ಸುತ್ತ ಎಂಟು ತೂತು ಆಳಕ್ಕೆ ಕೊರೆದು, ಇಂಗು ಗಿಡಿದು, ಮೇಲೆ ಕೆಮ್ಮಣ್ಣು ಮೆತ್ತಿ ಬಂದೆ. ಎಷ್ಟು ತೊಳೆದರೂ ಕೈಯ ವಾಸನೆ ಹೋಗಲಿಲ್ಲ. “ಏನ್ಲಾ, ವಗ್ಗರಣೆ ಆಕ್ತಿದ್ದಾ?” ಅಂತ ನಮ್ಮವ್ವ ನಕ್ಕಳು.

ಎರಡು ತಿಂಗಳಲ್ಲಿ ಹಲಸು ಎಲೆ ಉದುರಿಸಿತು. ಇಂಗು ಕೊಂದಿತೋ, ತೂತು ಕೊಂದಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಚಿಕ್ಕತಾಯವ್ವ ಕಾಲುವೆಯಿಂದ ಬಿಂದಿಗೆ ಬಿಂದಿಗೆ ನೀರು ಹೊತ್ತಳು. “ಕುಡಿಯೇ ಮುಂಡೇದೆ, ಕುಡಿ,” ಅಂತ ಮರಕ್ಕೆ ಬೈದಳು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಒಂದು ದಿನ ನಮ್ಮ ಜಗಲಿಗೆ ಬಂದು ಕೂತಳು. “ನೀನು ಓದ್ಕಂಡೋನು. ಏನಾಗದೆ ನೋಡ್ಲಾ ನನ್ ಮರುಕ್ಕೆ.”

ಹೋಗಿ ನೋಡಿದಂತೆ ನಟಿಸಿದೆ. “ಬೇರಿಗೆ ರೋಗ ಕಣವ್ವ. ಏನೂ ಮಾಡಕ್ಕಾಗಲ್ಲ.”

“ಬ್ಯಾರೆ ಮರುಕ್ಕೂ ಅಂಟ್ತದಾ?”

“ಅಂಟ್ತದೆ,” ಅಂದೆ. ಅಂಟುರೋಗ ಅಂದರೆ ತೂತು ಹುಡುಕುವುದಿಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೂರನೆಯ ದಿನ ಬದುವಿನ ಮೇಲೆ ಗರಗಸದ ಮಿಷನ್ನು ಗರ್ ಅಂದಿತು. ಓಡಿದೆ. ಒಣಗಿದ ಹಲಸು ಆಗಲೇ ಉರುಳಿತ್ತು. ಹಸಿರಾಗಿ ನಿಂತಿದ್ದ ಹೊಂಗೆ ಒಂದೊಂದೇ ಉರುಳುತ್ತಿದ್ದವು.

“ಅಯ್ಯೋ, ಇವ್ಯಾಕವ್ವ?”

“ಊರೋರ್ ವಲುಕ್ಕೆಲ್ಲ ನಾನೇ ಗಿಡ ಕೊಟ್ಟಿವ್ನಿ. ನನ್ ರೋಗ ಅವ್ರಿಗ್ ಅಂಟ್ಬುಟ್ರೆ? ಬಡವ್ರು ಕಣ್ಲಾ, ಬೆಳುಸ್ಕಂಡವ್ರೆ.”

ಆಗ ಇನ್ನೂ ಐದು ಹೊಂಗೆ ನಿಂತಿದ್ದವು. ಬಾಯಿ ಬಿಟ್ಟಿದ್ದರೆ ಐದೂ ಉಳಿಯುತ್ತಿದ್ದವು. ನಾನು ಬಾಯಿ ಬಿಡಲಿಲ್ಲ. ಬೇರೂ ಇರಬಾರದೆಂದು ಅವಳು ಬುಡಗಳನ್ನು ಜೆಸಿಬಿಯಲ್ಲಿ ಕೀಳಿಸಿದಳು.

ಆ ಮುಂಗಾರಿಗೆ ಬದು ಕೊಚ್ಚಿ ಹೋಯಿತು. ನಮ್ಮ ಹೊಲದ ಮೇಲ್ಮಣ್ಣೆಲ್ಲ ಅವಳ ಹೊಲವನ್ನೂ ಕೊರೆದುಕೊಂಡು ಕಾಲುವೆಗೆ ಇಳಿಯಿತು. ಈಗ ನಮ್ಮಲ್ಲಿ ನೇಗಿಲಿಗೆ ಕಲ್ಲು ಸಿಗುತ್ತದೆ. ನನಗೆ ಆಗಬೇಕಾದದ್ದೇ. ಅವಳಿಗೆ ಯಾಕೆ ಆಯಿತು?

ಮರ ಹೋದಮೇಲೆ ಅವಳು ಹೊಲಕ್ಕೆ ಬರಲಿಲ್ಲ. ಹಾಲಿನ ಕವರು ಕೇಳಲೂ ಬರಲಿಲ್ಲ. ಹಾಸಿಗೆ ಹಿಡಿದಾಗ ಪಾಲಹಳ್ಳಿಯ ತಂಗಿ ಕರೆದುಕೊಂಡು ಹೋದಳು. ನೋಡಲು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ, ನಂಬಿದರೆ ನಂಬಿ. ಅವಳ ಕೈಕಾಲು ಕಡ್ಡಿಯಾಗಿದ್ದವು.

“ಬ್ಯಾರೆಯೋರ್ ಮರ ಯಾವ್ದಾರ ಒಣಗ್ತಾ?”

“ಇಲ್ಲ ಕಣವ್ವ. ಎಲ್ಲಾ ಚೆನ್ನಾಗವೆ.”

ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟಳು. ಆಮೇಲೆ ನನ್ನ ಕೈಯನ್ನು, ಅದೇ ಕೈಯನ್ನು, ಹಿಡಿದುಕೊಂಡಳು.

“ಅಂಟ್ತದೆ ಅಂತ ನೀನ್ ಏಳ್ದೆ ಓಗಿದ್ರೆ ಊರೋರ್ ಮರುನೆಲ್ಲ ಸಾಯ್ಸ್ಬುಡ್ತಿದ್ದೆ. ನಿಂಗೆ ಸುಮ್‌ಸುಮ್ನೆ ಬೈದ್ಬುಟ್ಟೆ ಕಣ್ಲಾ ಅವತ್ತು. ಒಳ್ಳೇವ್ನು ನೀನು.”

“ಹೂಂ ಕಣವ್ವ,” ಅಂದೆ.